ಓಲೀಟಾ ತಂದ ಮಿಠಾಯಿ

ಗಣಿಯ ಚಾವಣಿ ಕುಸಿದು ಬೆನ್ನು ಮುರಿದಾಗಿನಿಂದ ವರ್ಲಿನ್ ನೋವಿನ ಮಾತ್ರೆಗೆ ದಾಸನಾಗಿದ್ದ. ಅವರಿದ್ದ ಓಹಾಯೋ ರಾಜ್ಯದಲ್ಲಿ ಗಾಂಜಾ ಮಾರಾಟಕ್ಕೆ ಕಾನೂನು ಒಪ್ಪಿದ ಮೇಲೆ, ಚರ್ಚಿನಲ್ಲಿ ಹಾಡುವ ಅವನ ಹೆಂಡತಿ ಓಲೀಟಾ ಮಾತ್ರೆಯ ಬದಲಿಗಾದೀತೆಂದು ತಾನೇ ಅಂಗಡಿಗೆ ಹೋಗಿ ಗಾಂಜಾ ಮಿಠಾಯಿ ತಂದಳು.

"ಪಾದ್ರಿ ನೋಡಿದ್ರೆ ಏನಂತಾರೆ?" ಎಂದು ವರ್ಲಿನ್ ಕೆಣಕಿದ.

"ನಿನ್ನ ಹೆಣದ ಮುಂದೆ ಹಾಡೋದಕ್ಕಿಂತ ಅವ್ರ ಹತ್ರ ಬೈಸ್ಕೊಳ್ಳೋದೇ ವಾಸಿ. ತಿನ್ನು."

ತಿಂದ. ನೋವು ತುಸು ತಗ್ಗಿತು, ಮಾತ್ರೆಯ ಚಟ ತಗ್ಗಲಿಲ್ಲ. ಮೈ ಬೆವರಿತು, ಕೂತಲ್ಲಿ ಕೂರಲಾರದೆ ಅಡುಗೆಮನೆಯಲ್ಲೇ ಸುತ್ತತೊಡಗಿದ.

"ಇದ್ರಿಂದ ಆಗಲ್ಲ ಕಣೆ. ಮಾತ್ರೆ ಕೊಡು."

"ಡಾಕ್ಟರು ಹೇಳಿದ್ದು ಸಂಜೆಗೆ ಒಂದೇ. ಅಲ್ಲೀವರೆಗೆ ನಡೆಯೋಣ, ಬಾ."

ರೈಲು ಹಳಿಯ ಪಕ್ಕ ಇಬ್ಬರೂ ನಡೆದರು. ದಾರಿಯುದ್ದಕ್ಕೂ ಅವನು ಬೈದ, ಅವಳು ಕೈ ಬಿಡಲಿಲ್ಲ. ಸಂಜೆ ಒಂದು ಮಾತ್ರೆ ನುಂಗಿದ ವರ್ಲಿನ್, ಬಹಳ ವರ್ಷಗಳಲ್ಲಿ ಮೊದಲ ಸಲ, ಇನ್ನೊಂದನ್ನು ಕೇಳಲಿಲ್ಲ.

"ನಾಳೆನೂ ಹೀಗೇನಾ?" ಎಂದನಷ್ಟೆ.

"ನಾಳೆ ಬೂಟು ಹಾಕ್ಕೋ," ಎಂದಳು ಓಲೀಟಾ.