ಹೇಮಲತಾ ಮೇಷ್ಟ್ರು

ಕಲ್ಲಯ್ಯ ತನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ನರಸೀಪುರಕ್ಕೆ ಯಾಕೆ ಕರೆದೊಯ್ಯುತ್ತಿದ್ದಾನೆಂಬುದು ಶಿವಮಲ್ಲಪ್ಪನಿಗೆ ಗೊತ್ತಿತ್ತು. ಚಿಕ್ಕಯ್ಯನಛತ್ರದ ಮಗ್ಗುಲಿನ ತಮ್ಮೂರಿನಲ್ಲಿ ಯಾವ ಪೌರಾಣಿಕ ನಾಟಕ ಆಡಿದರೂ ರೈತರಿಗೆ ಮಾತು ಬಾಯಿಪಾಠ ಮಾಡಿಸಿ, ಹಾಡು ಕಲಿಸಿ, ಆಡುವ ದಿನ ರಂಗದ ಮುಂದೆ ಹಾರ್ಮೋನಿಯಂ ಹಿಡಿದು ಎಲ್ಲರನ್ನೂ ನಡೆಸುತ್ತಿದ್ದ ಮೇಷ್ಟ್ರು ಶಿವಮಲ್ಲಪ್ಪನೇ. ಈ ಸಲ ಊರಿನವರು ಆ ಕೆಲಸಕ್ಕೆ ಹೇಮಲತಾಳ ಹೆಸರೆತ್ತಿದ್ದರು. ನಾಟಕದ ಕಮಿಟಿಗೆ ಕಲ್ಲಯ್ಯನೇ ಯಜಮಾನ.

"ಸುಮ್ನೆ ನೋಡ್ಕಂಡು ಬರಾನ ಬನ್ನಿ ಮೇಷ್ಟ್ರೇ," ಎಂದಿದ್ದ.

ಹೇಮಲತಾ ನಿನ್ನೆ ಮೊನ್ನೆಯವರೆಗೆ ಸ್ತ್ರೀಪಾರ್ಟಿಗೆ ಕರೆಸುತ್ತಿದ್ದ ಹೆಂಗಸು. ಉಡುಪಿನ ಟ್ರಂಕು ಹಿಡಿದು ಬಸ್ಸಿಳಿದು, ಶಿವಮಲ್ಲಪ್ಪ ಕೊಟ್ಟ ಶ್ರುತಿಗೆ ಹಾಡಿ, ಮತ್ತೆ ಬಸ್ಸು ಹತ್ತುತ್ತಿದ್ದವಳು. ಈಗ ಜನ ಅವಳಿಗೂ ಮೇಷ್ಟ್ರು ಅನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಶಿವಮಲ್ಲಪ್ಪನಿಗೆ ಅನ್ನದಲ್ಲಿ ಕಲ್ಲು ಸಿಕ್ಕಂತಾಗುತ್ತಿತ್ತು.

ಅವಳು ಕಲಿಸಿದ ಭಾನುವಾರದ ಹಗಲು ನಾಟಕ. ರಂಗಮಂದಿರ ತುಂಬಿತ್ತು. ಹೇಮಲತಾ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಕಾಲಿನಿಂದ ತಿದಿ ಒತ್ತುತ್ತ ಹಾರ್ಮೋನಿಯಂ ನುಡಿಸುತ್ತಿದ್ದಳು. ಒಂದು ತಪ್ಪಾದರೂ ಸಿಕ್ಕೀತೆಂದು ಅವನು ಕಾದ. ಸಿಗಲಿಲ್ಲ.

"ಬೆರಳೇನೋ ಓಡ್ತವೆ. ಗತ್ತಿಲ್ಲ," ಎಂದ.

"ಗತ್ತು ಕಟ್ಕಂಡು ಏನ್ ಮಾಡೀರಿ ಮೇಷ್ಟ್ರೇ, ಪದ ಚೆಂದಾಗಿ ಬತ್ತಾ ಅದಲ್ಲ," ಎಂದ ಕಲ್ಲಯ್ಯ, ಕಡಲೆಕಾಯಿ ಬಿಡಿಸುತ್ತ.

ಹಿರಿಯ ಮೇಷ್ಟ್ರು ನೋಡಲು ಬಂದರೆ ಒಂದು ಹಾಡಿಗೆ ಹಾರ್ಮೋನಿಯಂ ಪೆಟ್ಟಿಗೆ ಬಿಟ್ಟುಕೊಡುವುದು ಆ ಸೀಮೆಯ ಮರ್ಯಾದೆ. ಹೇಮಲತಾ ಅವನನ್ನು ಕಂಡವಳೇ ಎದ್ದು ಮೈಕಿನಲ್ಲಿ ಕರೆದಳು. ಅವನು ಬಂದು ಕೂತಾಗ ಬಗ್ಗಿ, "ಚಿಕ್ಕಸ್ವಾಮಿದು ಕಪ್ಪು ಒಂದು, ಮೇಷ್ಟ್ರೇ," ಎಂದು ರಾಜಪಾರ್ಟಿನವನ ದನಿ ಕೂರುವ ಶ್ರುತಿಯ ಕರಿ ಮನೆ ಹೇಳಿದಳು.

ಅವನು ತಲೆಯಾಡಿಸಿದ. ಕಪ್ಪು ಎರಡನ್ನು ಒತ್ತಿದ. ಅಷ್ಟು ಮೇಲಿನ ಶ್ರುತಿಯಲ್ಲಿ ಹಾಡಿದರೆ ಗಂಟಲು ಹರಿಯುವುದು ಖಂಡಿತ. ಹರಿದರೆ ಜನ ಬಯ್ಯುವುದು ಕಲಿಸಿದವಳನ್ನು.

ಚಿಕ್ಕಸ್ವಾಮಿ ಟ್ರ್ಯಾಕ್ಟರ್ ಓಡಿಸುವವನು. ಮೊದಲ ಸಾಲಿಗೇ ಅವನ ಕತ್ತಿನ ನರ ಉಬ್ಬಿತು. ಎರಡನೆಯದಕ್ಕೆ ನಿಂತುಬಿಟ್ಟ. ಪೆಟ್ಟಿಗೆಯ ಕಡೆ ನೋಡಲಿಲ್ಲ. ಪರದೆಯ ಪಕ್ಕ ನಿಂತಿದ್ದ ಹೇಮಲತಾಳ ಕಡೆ ನೋಡಿದ. ಅವಳು ಅಂಗೈಯನ್ನು ಮೆಲ್ಲಗೆ ಕೆಳಗಿಳಿಸಿದಳು. ಅವನು ಉಸಿರೆಳೆದುಕೊಂಡು, ಹಾರ್ಮೋನಿಯಮ್ಮನ್ನು ಅದರ ಪಾಡಿಗೆ ಬಿಟ್ಟು, ತನ್ನ ಶ್ರುತಿಯಲ್ಲೇ ಹಾಡು ಹಿಡಿದ. ಎರಡು ಶ್ರುತಿಗಳು ಉಜ್ಜಾಡಿ ಶಿವಮಲ್ಲಪ್ಪನ ಕಿವಿಯೇ ನೋಯತೊಡಗಿತು. ತಿಳಿಯುವ ಮೊದಲೇ ಬೆರಳುಗಳು ಕಪ್ಪು ಒಂದಕ್ಕೆ ಇಳಿದಿದ್ದವು. ಎಲ್ಲರನ್ನೂ ನಡೆಸಿದವನು ಈಗ ಹಿಂದೆ ಹಿಂದೆ ಹೋಗುತ್ತಿದ್ದ.

ಸತ್ತ ತಮ್ಮನನ್ನು ರಾಜ ಕೂಗಿ ಕರೆಯುವ ಕಡೆ ಚಿಕ್ಕಸ್ವಾಮಿ ಒಂದು ಗಳಿಗೆ ಸುಮ್ಮನಾದ. ಜನರೂ ಉಸಿರು ಹಿಡಿದರು. ಆಮೇಲೆ ದನಿ ಬಂತು. ಆ ನಿಲುಗಡೆಗಾಗಿ ಶಿವಮಲ್ಲಪ್ಪ ಎಷ್ಟು ಜನರಿಗೆ ಬೈದಿದ್ದ, ಎಷ್ಟು ಸಲ ತೊಡೆ ಬಡಿದುಕೊಂಡಿದ್ದ! ಒಬ್ಬನೂ ಕೊಟ್ಟಿರಲಿಲ್ಲ.

"ಒನ್ಸ್ ಮೋರ್!" ಜನ ಕೂಗಿದರು.

ಎರಡನೆಯ ಸಲ ಶಿವಮಲ್ಲಪ್ಪ ತಿದಿಯ ಮೇಲಿನ ಕಾಲು ನಿಲ್ಲಿಸಿ ಆ ನಿಲುಗಡೆಗಾಗಿ ಕಾದ. ಬಂತು. ಕಣ್ಣು ತುಂಬಿದವು. ಅವಳನ್ನು ಅವನು ಅತಿ ಹೆಚ್ಚು ದ್ವೇಷಿಸಿದ್ದು ಆಗಲೇ.

ನಾಟಕ ಮುಗಿದ ಮೇಲೆ ಚಹಾ ಕುಡಿಯುತ್ತ ಕಲ್ಲಯ್ಯ ಕೇಳಿದ: "ನಂಗೆ ಸುರುತಿ ಗಿರುತಿ ಗೊತ್ತಾಗಕಿಲ್ಲ. ಪೆಟ್ಗೆ ಮುಂದೆ ಕುಂತಿದ್ದೋರು ನೀವು. ಅವ್ನು ಆಯಮ್ಮನ ಮಕನೇ ನೋಡ್ತಿದ್ನಲ್ಲ, ಯಾಕೆ?"

ಶಿವಮಲ್ಲಪ್ಪ ಲೋಟದೊಳಗೆ ನೋಡಿದ. ಅಷ್ಟರಲ್ಲಿ ಹೇಮಲತಾ ಬಂದಳು.

"ನಮ್ಮೂರ್ಗೂ ಬಂದ್ಬುಡವ್ವ," ಎಂದ ಕಲ್ಲಯ್ಯ.

"ಬತ್ತೀನಿ ಕಣಣ್ಣ. ಆದ್ರೆ ಆಡೋ ದಿವ್ಸ ಪೆಟ್ಗೆ ಯಾರ್ಗೂ ಬಿಟ್ಕೊಡಕಿಲ್ಲ. ಒಂದು ಪದಕ್ಕೂ." ಹೇಳಿದ್ದು ಕಲ್ಲಯ್ಯನಿಗೆ, ನೋಡಿದ್ದು ಶಿವಮಲ್ಲಪ್ಪನನ್ನು.

ಶಿವಮಲ್ಲಪ್ಪ ಲೋಟ ಕೆಳಗಿಟ್ಟ. "ತಾಲೀಮು ನಮ್ಮನೆ ಜಗಲೀಲೆ ನಡೀಲಿ."

"ಯಾಕ್ ಮೇಷ್ಟ್ರೇ, ನನ್ ತಪ್ಪು ಹಿಡಿಯಕಾ?"

"ಊ, ಅದಕ್ಕೇಯ," ಎಂದ. ಆ ನಿಲುಗಡೆಯನ್ನು ಅವಳು ಹೇಗೆ ಕಲಿಸುತ್ತಾಳೋ ಅದನ್ನು ಬಾಗಿಲ ಸಂದಿಯಿಂದಾದರೂ ಕೇಳಬೇಕೆಂಬುದನ್ನು ಮಾತ್ರ ಹೇಳಲಿಲ್ಲ.