ಹೊತ್ತಿಸದ ಕರ್ಪೂರ

ಸ್ಟವ್ ಮೇಲಿಟ್ಟ ಕರ್ಪೂರ ಎರಡನೆಯ ಸಲವೂ ಭಗ್ಗನೆ ಹೊತ್ತಿಕೊಂಡಿತು. ಸಿದ್ಧಕಟ್ಟೆಯ ಆ ಶಾಲೆಯ ಎಂಟನೆಯ ತರಗತಿಯಲ್ಲಿ ಮುಕ್ಕಾಲುಪಾಲು ಮಕ್ಕಳು ಅಭ್ಯಾಸಬಲದಿಂದ ಎದ್ದು, ದೂರದಿಂದಲೇ ಜ್ವಾಲೆಗೆ ಕೈಯೊಡ್ಡಿ ಕಣ್ಣಿಗೆ ಒತ್ತಿಕೊಂಡರು.

"ಟೀಚರ್, ಪ್ರಸಾದ ಉಂಟಾ?" ಎಂದ ಹಿಂದಿನ ಬೆಂಚಿನ ಶ್ರವಣ್.

ವಿಸ್ಮಿತಾ ತಟ್ಟೆ ಮುಚ್ಚಿ ಬೆಂಕಿ ಆರಿಸಿದಳು. ತಟ್ಟೆಯ ತಳದಲ್ಲಿ ಬಿಳಿ ಹರಳಿನ ಬದಲು ಕಾಡಿಗೆಯಂಥ ಮಸಿ. ಅನಿಲ ದ್ರವವಾಗದೆ ನೇರ ಘನವಾಗುವುದನ್ನು ಅವಳು ಹೈಸ್ಕೂಲಿನಿಂದ ಎಂ.ಎಸ್ಸಿ.ವರೆಗೂ ಬರೆದು ಅಂಕ ಪಡೆದಿದ್ದಳು; ಕಣ್ಣಾರೆ ಕಂಡಿರಲಿಲ್ಲ. ಅತಿಥಿ ಶಿಕ್ಷಕಿಯಾಗಿ ಬಂದ ದಿನವೇ, ಈ ಪಾಠವನ್ನು ಬೋರ್ಡಿನ ಮೇಲೆ ಬಾಣ ಎಳೆದು ಮುಗಿಸುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಬಾಗಿಲಲ್ಲಿ ಮುಖ್ಯೋಪಾಧ್ಯಾಯ ಉಮ್ಮರ್ ಮಾಸ್ಟ್ರು ನಿಂತಿದ್ದರು. "ಇನ್ನೊಂದು ಸಲ ನೋಡುವ ಟೀಚರೇ. ಆಗಲೂ ಹೊತ್ತಿದ್ರೆ ಸ್ಟವ್ ನನ್ನ ಕಪಾಟಿಗೆ. ಮತ್ತೆ ಈ ವರ್ಷ ಪ್ರಯೋಗ ಎಲ್ಲ ಪುಸ್ತಕದ ಚಿತ್ರದಲ್ಲೇ."

ವಾಸನೆಗೆ ಕಾಂತಿಯಕ್ಕನೂ ಬಂದು ಬಾಗಿಲ ಹೊರಗೆ ನಿಂತಳು. ಬಿಸಿಯೂಟ ಬೇಯಿಸುವವಳು, ಹನ್ನೆರಡು ವರ್ಷದಲ್ಲಿ ಪಾಠದ ಹೊತ್ತಿಗೆ ಹೊಸ್ತಿಲು ದಾಟಿದವಳಲ್ಲ.

"ಏನು ಮಾರಾಯ್ತಿ, ಇಲ್ಲಿ ಪೂಜೆಯಾ?"

"ಪೂಜೆಯಲ್ಲ ಕಾಂತಿಯಕ್ಕ. ಕರ್ಪೂರ ಹೊತ್ತಬಾರದು, ಬರೀ ಆವಿಯಾಗ್ಬೇಕು. ತಣ್ಣಗಿನ ತಟ್ಟೆಗೆ ತಾಗಿ ಪುನಃ ಕರ್ಪೂರವೇ ಆಗ್ಬೇಕು."

"ಹಾಗೂ ಉಂಟಾ?" ಅವಳು ಸ್ಟವ್ ಕಡೆ ನೋಡಿದಳು. "ಆದ್ರೆ ಹಬೆಯಲ್ಲಿ ಬೇಯುವ ಅಕ್ಕಿ ಪುಂಡಿಯನ್ನು ಯಾರಾದ್ರೂ ಬೆಂಕಿಯ ಮೇಲೇ ಇಡ್ತಾರಾ? ಕೆಳಗೆ ನೀರು ಬೇಡವಾ?"

ವಿಸ್ಮಿತಾ ಥಟ್ಟನೆ ಅವಳತ್ತ ತಿರುಗಿದಳು. ಕುದಿಯುವ ನೀರಿನ ಬಿಸಿ ನೂರು ಡಿಗ್ರಿ ದಾಟುವುದಿಲ್ಲ. ಕರ್ಪೂರದ ಹತ್ತಿರ ಜ್ವಾಲೆಯೂ ಸುಳಿಯುವುದಿಲ್ಲ. ಇಷ್ಟು ತನಗೆ ಹೊಳೆದಿರಲಿಲ್ಲ. ಚಿಕ್ಕಂದಿನಿಂದ ಕರ್ಪೂರ ಕಂಡರೆ ಕೈ ಬೆಂಕಿಯನ್ನೇ ಹುಡುಕುತ್ತಿತ್ತು.

ಕಾಂತಿಯಕ್ಕ ಕುದಿನೀರಿನ ಪಾತ್ರೆ ತಂದು, ಹೊಸ್ತಿಲಲ್ಲಿ ಒಮ್ಮೆ ತಡೆದು, ಒಳಗೆ ಬಂದು ಸ್ಟವ್ ಮೇಲಿಟ್ಟಳು. ಅದರ ಬಾಯಿಗೆ ಸ್ಟೀಲಿನ ಬೋಗುಣಿ, ಒಳಗೆ ನಾಲ್ಕು ಬಿಲ್ಲೆ ಕರ್ಪೂರ, ಮೇಲೆ ಬಾವಿಯ ತಣ್ಣೀರು ತುಂಬಿದ ತಟ್ಟೆ.

ಐದು ನಿಮಿಷವಾಯಿತು. ನೀರು ಕೊತಕೊತ ಎನ್ನುತ್ತಿತ್ತು. ಉಮ್ಮರ್ ಮಾಸ್ಟ್ರು ಗಡಿಯಾರ ನೋಡಿಕೊಂಡರು. ಇನ್ನು ತಡೆಯಲಾರದೆ ವಿಸ್ಮಿತಾ ತಟ್ಟೆ ಎತ್ತಿ, ನೀರು ಚೆಲ್ಲಿ, ಮಗುಚಿದಳು.

ತಳದ ತುಂಬ ಬಿಳಿ ಸೂಜಿಗಳು. ಒಂದರ ಮೇಲೊಂದು ಅಡ್ಡಡ್ಡ ಬೆಳೆದು, ಬೆಳಕಿಗೆ ಮಿನುಗುತ್ತಿದ್ದವು.

ಕನ್ನಡ ಮರೆತ ಶ್ರವಣ್ "ತೂಲೆ, ತೂಲೆ" ಎಂದು ತುಳುವಿನಲ್ಲೇ ಎಲ್ಲರನ್ನೂ ನೋಡಲು ಕೂಗುತ್ತ ಬೆಂಚು ಹತ್ತಿದ. ಉಳಿದವರು ನೋಡಲು ಒಬ್ಬರ ಮೇಲೊಬ್ಬರು ಬಿದ್ದರು. ವಿಸ್ಮಿತಾಳಿಗೆ ಪಾಠದ ಒಂದು ವಾಕ್ಯವೂ ನೆನಪಾಗಲಿಲ್ಲ. ತಟ್ಟೆಯನ್ನು ಮಕ್ಕಳ ಕಡೆ ತಿರುಗಿಸಿ ಹಿಡಿದಳು.

ಉಮ್ಮರ್ ಮಾಸ್ಟ್ರು ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದರು. "ನಾಳೆ ಏಳನೆಯವರಿಗೂ ತೋರಿಸಿ," ಎಂದರು. "ನನಗೂ ಹೇಳಿಕಳಿಸಿ."

ಊಟದ ಗಂಟೆ ಹೊಡೆದು ಮಕ್ಕಳು ಬಟ್ಟಲು ಹಿಡಿದು ಓಡಿದರು. ಅನ್ನ ಬಡಿಸಬೇಕಾದ ಕಾಂತಿಯಕ್ಕ ಮಾತ್ರ ಖಾಲಿ ತರಗತಿಯ ನಡುವೆ, ಅಂಗೈಗೆ ಉದುರಿದ ಒಂದು ಹರಳನ್ನು ನೋಡುತ್ತ, ಕೈ ಮುಚ್ಚದೆ ನಿಂತಿದ್ದಳು.