ಎರಡನೇ ಪರೀಕ್ಷೆ

ಆ ಲ್ಯಾಬಿನಲ್ಲಿ ಒಂದು ಪದ್ಧತಿಯಿತ್ತು. ಮೂಗಿನಿಂದ ತೆಗೆದ ಸ್ಯಾಂಪಲ್ಲಿನಲ್ಲಿ ಮೊದಲ ಪರೀಕ್ಷೆಗೇ ನೆಗಡಿಯ ವೈರಸ್ ಸಿಕ್ಕಿತೋ, ಮುಗಿಯಿತು. ಫ್ಲೂ ಇದೆಯೇ ಎಂದು ಎರಡನೇ ಪರೀಕ್ಷೆ ಮಾಡುವ ಹಾಗಿಲ್ಲ. ಉಳಿದದ್ದು ಫ್ರಿಜ್ಜಿಗೆ. "ಒಂದು ಒಳಗೆ ಕೂತಿದ್ರೆ ಇನ್ನೊಂದಕ್ಕೆ ಜಾಗ ಕೊಡಲ್ಲ ಕಣಮ್ಮ, ಕಿಟ್ ಯಾಕೆ ದಂಡ?" ಎನ್ನುತ್ತಿದ್ದರು ದೊಡ್ಡ ಡಾಕ್ಟರು. ಪೂರ್ತಿ ಸುಳ್ಳೇನಲ್ಲ. ನೆಗಡಿ ಹಿಡಿದ ಮೂಗು ಎಚ್ಚೆತ್ತುಕೊಂಡಿರುತ್ತದೆ, ನಾಲ್ಕಾರು ದಿನ ಬೇರೆ ವೈರಸ್ಸನ್ನು ಸುಲಭಕ್ಕೆ ಬಿಟ್ಟುಕೊಳ್ಳುವುದಿಲ್ಲ. ಆದರೆ ಸುಲಭಕ್ಕೆ ಬಿಡುವುದಿಲ್ಲ ಎನ್ನುವುದಕ್ಕೂ ಬಿಡುವುದೇ ಇಲ್ಲ ಎನ್ನುವುದಕ್ಕೂ ಇರುವ ಅಂತರ ಅಲ್ಲಿ ಯಾರಿಗೆ ಬೇಕಿತ್ತು? ಹನ್ನೊಂದು ವರ್ಷ ಅದೇ ಮೇಜಿನ ಮುಂದೆ ಕೂತು ಪರೀಕ್ಷೆ ಮಾಡಿದ ಆಕೆಯೂ ಅದನ್ನೇ ಗಿಳಿಪಾಠ ಒಪ್ಪಿಸುತ್ತಿದ್ದಳು.

ಆಕೆಯ ಭಾವ ಫ್ಲೂ ಬಂದು ಮಲಗಿದಾಗ ಅಕ್ಕ ಫೋನ್ ಮಾಡಿದಳು.

"ನನಗೂ ಎರಡು ದಿನದಿಂದ ಮೂಗು ಸೋರ್ತಿದೆ ಕಣೇ. ಈ ಆಸ್ತಮಾ ಇಟ್ಕೊಂಡು ಅವರ ಹತ್ರ ಹೋಗ್ಲಾ, ಬೇಡ್ವಾ?"

"ನಿಂದು ಬರೀ ನೆಗಡಿ. ಒಳ್ಳೇದೇ ಆಯ್ತು ಬಿಡು, ಫ್ಲೂ ನಿನ್ನ ಹತ್ರ ಸುಳಿಯಲ್ಲ."

"ಮಾಸ್ಕು?"

"ಉಸಿರು ಕಟ್ಟುತ್ತೆ ಅಂತ ಒದ್ದಾಡ್ತೀಯಲ್ಲ, ತೆಗೆದು ಬಿಸಾಕು."

ಅಕ್ಕ ನಕ್ಕಳು. "ಮನೇಲಿ ಒಬ್ಬಳು ಲ್ಯಾಬಿನೋಳಿದ್ರೆ ಎಷ್ಟು ಧೈರ್ಯ ನೋಡು!"

ನಾಲ್ಕು ದಿನಕ್ಕೆ ಅಕ್ಕನಿಗೆ ಜ್ವರ ಏರಿತು. ತಂಗಿಯೇ ಹೋಗಿ ಸ್ಯಾಂಪಲ್ ತೆಗೆದು ತಂದಳು. ಮೊದಲ ಪರೀಕ್ಷೆಯಲ್ಲಿ ನೆಗಡಿಯ ವೈರಸ್ ಸಿಕ್ಕಿತು. ಒಡಹುಟ್ಟಿದವಳದು ಎಂದಾದರೂ ಇನ್ನೊಂದು ಸಲ ನೋಡಬಾರದಿತ್ತೇ? ನೋಡಲಿಲ್ಲ. ಸೀಸೆಯನ್ನು ಫ್ರಿಜ್ಜಿಗಿಟ್ಟು, "ಬಿಸಿನೀರು ಕುಡಿದು ಮಲಗು" ಎಂದು ಅಕ್ಕನಿಗೆ ಫೋನಿನಲ್ಲಿ ಹೇಳಿ ಊಟಕ್ಕೆ ಎದ್ದಳು.

ಮೂರು ದಿನ ಕಳೆದು ಅಕ್ಕನನ್ನು ಆಸ್ಪತ್ರೆಗೆ ಸೇರಿಸಿದರು, ಮಾತಾಡಲೂ ಉಸಿರಿರಲಿಲ್ಲ. ಆಗ ತಂಗಿ ಲ್ಯಾಬಿಗೆ ಓಡಿ ಫ್ರಿಜ್ಜಿನಿಂದ ಅದೇ ಸೀಸೆ ತೆಗೆದಳು. ಎರಡನೇ ಪರೀಕ್ಷೆಗೆ ಹಿಡಿದದ್ದು ನಲವತ್ತೇ ನಿಮಿಷ. ಫ್ಲೂ ಇತ್ತು. ಮೊದಲೆರಡು ದಿನದಲ್ಲಿ ಕೊಡಬೇಕಿದ್ದ ಔಷಧವನ್ನು ಆಸ್ಪತ್ರೆಯವರು ಆಗ ಕೊಟ್ಟರು, ಕೊಡಬೇಕಲ್ಲ ಎಂದು ಕೊಟ್ಟರು. ಮಾರನೇ ಬೆಳಿಗ್ಗೆ ಅಕ್ಕ ಹೋಗಿಬಿಟ್ಟಳು.

ದೊಡ್ಡ ಡಾಕ್ಟರು ಫೈಲು ತಿರುವಿ, "ನಿಂದೇನೂ ತಪ್ಪಿಲ್ಲಮ್ಮ, ಎಲ್ಲಾ ರೂಲ್ಸ್ ಪ್ರಕಾರವೇ ಮಾಡಿದ್ದೀಯ" ಎಂದರು. ಅವರ ಮುಖಕ್ಕೆ ಉಗಿಯಬೇಕೆನಿಸಿತು ಆಕೆಗೆ. ಉಗಿಯಲಿಲ್ಲ, ಉಗಿಯುವುದಾದರೆ ಮೊದಲು ಕನ್ನಡಿಗೆ ಉಗಿಯಬೇಕಿತ್ತು.

ಭಾವ ಚೇತರಿಸಿಕೊಂಡಿದ್ದರು. ಅಕ್ಕನ ಮಂಚದ ಮೇಲೆ ಕೂತು ನಾದಿನಿಯ ಎರಡೂ ಕೈ ಹಿಡಿದುಕೊಂಡರು.

"ದೂರ ಇರೇ, ನಿಂಗೂ ಅಂಟುತ್ತೆ ಅಂತ ಬಡ್ಕೊಂಡೆ. ಎಲ್ಲಿ ಕೇಳ್ತಾಳೆ! 'ನನ್ನ ತಂಗಿ ಹೇಳಿದ್ದಾಳೆ, ನಂಗೇನೂ ಆಗಲ್ಲ' ಅಂದ್ಲು. ನೀನಂದ್ರೆ ಅಷ್ಟು ನಂಬಿಕೆ ಕಣಮ್ಮ ಅವಳಿಗೆ."

ಅವರು ಬೈಯುತ್ತಿರಲಿಲ್ಲ, ಸಮಾಧಾನ ಹೇಳುತ್ತಿದ್ದರು. ಆಕೆ ಕೈ ಬಿಡಿಸಿಕೊಳ್ಳಲು ನೋಡಿದಳು, ಭಾವ ಬಿಡಲಿಲ್ಲ.